ಮನೆ ವಿಮೆ, ಕಳವು ವಿಮೆ, ಕ್ಯಾಮೆರಾ: ಚಿಕ್ಕಬಳ್ಳಾಪುರದ ನಮ್ಮ ಮನೆಯ ಲೆಕ್ಕ

ಸ್ವಂತ ಮನೆ ಇರುವವರೆಲ್ಲ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿ ಮಾಡಿಸಿ. ಆದರೆ ಕಳ್ಳತನಕ್ಕೆ ಅದನ್ನು ನೆಚ್ಚಿಕೊಂಡು ಕೂರಬೇಡಿ. 2022ರ ಆರಂಭದಿಂದ ಈ ಪಾಲಿಸಿಯನ್ನೂ, ಅದರ ಜೊತೆಗೆ ಪ್ರತ್ಯೇಕ ಕಳವು ವಿಮೆಯನ್ನೂ, ನಾಲ್ಕು ಕ್ಯಾಮೆರಾಗಳನ್ನೂ ಬಳಸುತ್ತಿರುವ ನನ್ನ ಅಭಿಪ್ರಾಯ ಇದು.

ಮನೆಗೆ ವಿಮೆ ಬೇಕು ಎನ್ನಿಸಿದ್ದು ಭೂಮಿ ನಡುಗಿದಾಗ. 2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ಬೆನ್ನುಬೆನ್ನಿಗೆ ಎರಡು ಲಘು ಕಂಪನಗಳಾದವು, ತೀವ್ರತೆ 2.9 ಮತ್ತು 3.0. ಹಾನಿ ಮಾಡುವಂಥವಲ್ಲ. ಆದರೂ ಅದಕ್ಕೆ ಹಿಂದಿನ ತಿಂಗಳಷ್ಟೇ ಅಕಾಲಿಕ ಮಳೆ ಸುರಿದು ಜಿಲ್ಲೆಯ ಎಷ್ಟೋ ಮನೆಗಳ ಗೋಡೆ ಕುಸಿದಿದ್ದವು. ಜೀವಮಾನದ ಉಳಿತಾಯವನ್ನು ಸುರಿದು ಕಟ್ಟಿದ ಮನೆಗೆ ನಯಾಪೈಸೆಯ ರಕ್ಷಣೆ ಇಲ್ಲ ಎಂಬುದು ನನ್ನನ್ನು ಕಾಡತೊಡಗಿತು. ಸ್ಕೂಟರಿಗೆ ತಪ್ಪದೆ ವಿಮೆ ಕಟ್ಟುವ ನಾವು ಮನೆಯನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟಿರುತ್ತೇವೆ.

ಭಾರತ್ ಗೃಹ ರಕ್ಷಾ ಒಂದು ಕಂಪನಿಯ ಸ್ವತ್ತಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಕಂಪನಿಗಳೂ ಇದನ್ನು ಕೊಡಲೇಬೇಕು. ಮೂಲ ಷರತ್ತುಗಳು ಎಲ್ಲ ಕಡೆಯೂ ಒಂದೇ. ಕಂತಿನ ಮೊತ್ತ ಮತ್ತು ಸೇವೆಯಲ್ಲಿ ಮಾತ್ರ ವ್ಯತ್ಯಾಸ. ವಿಮೆ ಸಿಗುವುದು ಕಟ್ಟಡಕ್ಕೆ, ನಿವೇಶನದ ಬೆಲೆಗೆ ಅಲ್ಲ. ನಮ್ಮ ಮನೆಯ ಒಳ ವಿಸ್ತೀರ್ಣ 1,100 ಚದರ ಅಡಿ. ಆಗಿನ ಕಟ್ಟುವ ಖರ್ಚು ಚದರ ಅಡಿಗೆ 2,000 ರೂಪಾಯಿ ಹಿಡಿದರೆ 22 ಲಕ್ಷ. ಮನೆಯೊಳಗಿನ ಸಾಮಾನುಗಳಿಗೆ ಇದರ ಶೇ 20ರಷ್ಟು, ಅಂದರೆ 4.4 ಲಕ್ಷ, ಪಟ್ಟಿ ಕೊಡದೆಯೇ ತಾನಾಗಿ ಸೇರಿಕೊಂಡಿತು. ಹೀಗೆ ಸೇರುವ ಮೊತ್ತಕ್ಕೆ 10 ಲಕ್ಷದ ಮಿತಿ ಇದೆ. ಚಿನ್ನ, ಬೆಳ್ಳಿ ಇದರಲ್ಲಿ ಬರುವುದಿಲ್ಲ, ಅವುಗಳಿಗೆ ಬೇರೆಯಾಗಿ ಕೇಳಿ ಸೇರಿಸಬೇಕು. ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಮಾಡಿಸಿದರೆ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ಏರುತ್ತದೆ. ಸಿಮೆಂಟು, ಕಬ್ಬಿಣದ ಬೆಲೆ ನೋಡಿದವರಿಗೆ ಇದರ ಮಹತ್ವ ಗೊತ್ತು. ಹತ್ತು ವರ್ಷದವರೆಗೂ ಮಾಡಿಸಬಹುದು, ನಾವು ಐದಕ್ಕೆ ಮಾಡಿಸಿದೆವು. ಕಂತು ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ ಬಿದ್ದಿತು. ಒಂದು ಹಬ್ಬದ ಸಾಮಾನಿನ ಖರ್ಚೂ ಅಲ್ಲ.

ಪಾಲಿಸಿ ನಿಜವಾಗಿ ಕೆಲಸಕ್ಕೆ ಬಂದದ್ದು ಭರಣಿ ಮಳೆಯ ಬಿರುಗಾಳಿಗೆ. ಪಕ್ಕದ ಖಾಲಿ ನಿವೇಶನದ ನೀಲಗಿರಿ ಮರ ನಮ್ಮ ಕಾಂಪೌಂಡಿನ ಮೇಲೆ ಉರುಳಿತು. ಅದರ ರೆಂಬೆ ಬಡಿದು ತಾರಸಿಯ ಸೋಲಾರ್ ಹೀಟರಿನ ಗಾಜಿನ ಕೊಳವೆಗಳು ಪುಡಿಯಾದವು, ಗೇಟು ಬಾಗಿತು. ಮರ ಬಿದ್ದು ಆಗುವ ಹಾನಿಗೆ ಪಾಲಿಸಿಯಲ್ಲಿ ಪರಿಹಾರವಿದೆ. ಕಾಂಪೌಂಡು, ಗೇಟು ಎರಡೂ ಕಟ್ಟಡದ ಭಾಗವೆಂದೇ ಲೆಕ್ಕ. ಮಾರನೆಯ ದಿನವೇ ಪರಿಹಾರ ಕೇಳಿ ಕಂಪನಿಗೆ ಕ್ಲೇಮು ಸಲ್ಲಿಸಿದೆವು. ಹಾನಿಯ ಅಂದಾಜು ಮಾಡಲು ಬಂದ ಸರ್ವೇಯರ್ ಟೇಪು ಹಿಡಿದು ಬಿದ್ದ ಗೋಡೆಯ ಉದ್ದವನ್ನು ಅಳೆದರು, ಹೀಟರಿನ ಹಳೆಯ ಬಿಲ್ಲು ಕೇಳಿದರು. "ಮೇಡಂ, ನಾನು ನೋಡುವ ತನಕ ಒಂದು ಇಟ್ಟಿಗೆಯನ್ನೂ ಕದಲಿಸದೆ ಇಟ್ಟಿದ್ದೀರಿ, ನನ್ನ ಕೆಲಸ ಅರ್ಧ ಮುಗಿಯಿತು" ಎಂದರು. ರಿಪೇರಿಗೆ 46,000 ರೂಪಾಯಿ ಮಂಜೂರಾಯಿತು. ಆದರೆ ಅವಶೇಷ ತೆರವಿಗೆ ಕೊಡುವುದು ಕ್ಲೇಮಿನ ಶೇ 2ರಷ್ಟು ಮಾತ್ರ. ಮರ ಕಡಿದು ಸಾಗಿಸಿದವರು ತೆಗೆದುಕೊಂಡದ್ದು 5,000, ನಮಗೆ ಬಂದದ್ದು 920. ಹಣ ಕೈಗೆ ಬರಲು ತಿಂಗಳ ಮೇಲಾಯಿತು, ಕೇಳಿದ ಕಾಗದವನ್ನೇ ಮತ್ತೆ ಮತ್ತೆ ಕೇಳಿದರು. ಆದರೂ ಕೊನೆಗೆ ಒಪ್ಪಿದ ಮೊತ್ತವನ್ನು ಪೂರ್ತಿ ಕೊಟ್ಟರು, ಅದಕ್ಕೆ ಮೆಚ್ಚುಗೆ ಇದೆ.

ಸಿಡಿಲಿನ ವಿಷಯದಲ್ಲಿ ಹೀಗಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು ನಮ್ಮ ಟಿ.ವಿ., ರೂಟರ್ ಎರಡೂ ಸುಟ್ಟುಹೋದವು. "ಸಿಡಿಲಿಗೂ ವಿಮೆ ಇದೆ" ಎಂದು ಏಜೆಂಟರು ಹೇಳಿದ್ದು ಸುಳ್ಳಲ್ಲ, ಪಾಲಿಸಿಯ ಅವಘಡಗಳ ಪಟ್ಟಿಯಲ್ಲಿ ಸಿಡಿಲು ಇದ್ದೇ ಇದೆ. ಆದರೆ ವಿದ್ಯುತ್ ಉಪಕರಣವು ಶಾರ್ಟ್ ಸರ್ಕ್ಯೂಟ್, ಅತಿಯಾದ ವೋಲ್ಟೇಜ್ ಮುಂತಾದವುಗಳಿಂದ ಕೆಟ್ಟರೆ, ಅದಕ್ಕೆ ಸಿಡಿಲೇ ಕಾರಣವಾದರೂ, ಆ ಉಪಕರಣಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಪಾಲಿಸಿಯ ಒಳಪುಟಗಳಲ್ಲಿದೆ. ಆ ಟಿ.ವಿ.ಯಿಂದ ಬೆಂಕಿ ಹಬ್ಬಿ ಸೋಫಾ ಸುಟ್ಟಿದ್ದರೆ ಸೋಫಾಕ್ಕೆ ಹಣ ಸಿಗುತ್ತಿತ್ತು, ಟಿ.ವಿ.ಗೆ ಇಲ್ಲ. ಕ್ಲೇಮು ತಿರಸ್ಕೃತವಾಯಿತು. ನಮ್ಮ ಕಡೆ ಸಿಡಿಲಿನಿಂದ ಆಗುವ ಹೆಚ್ಚಿನ ನಷ್ಟ ಇಂಥದ್ದೇ ಆಗಿರುವಾಗ ಏಜೆಂಟರು ಇದನ್ನು ಮೊದಲೇ ಹೇಳಬೇಡವೇ? ಈ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆದ್ದರಿಂದ ಮೇನ್ ಬೋರ್ಡಿಗೆ ಅತಿ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.

ಇನ್ನು ಕಳ್ಳತನ. ಭಾರತ್ ಗೃಹ ರಕ್ಷಾ ಕಳವಿಗೆ ಹಣ ಕೊಡುವುದು ಒಂದೇ ಸಂದರ್ಭದಲ್ಲಿ: ಬೆಂಕಿ, ಪ್ರವಾಹ, ಭೂಕಂಪದಂಥ ಅವಘಡ ನಡೆದು, ಅದಾದ 7 ದಿನಗಳೊಳಗೆ ಆ ಮನೆಯಲ್ಲಿ ಕಳವಾದರೆ. ಬೀಗ ಮುರಿದು ಕದ್ದರೆ ಇದರಿಂದ ಏನೂ ದಕ್ಕದು. ನಮ್ಮ ಹಿಂದಿನ ರಸ್ತೆಯ ನಿವೃತ್ತ ಮೇಷ್ಟ್ರ ಮನೆಯವರು ತಿರುಪತಿಗೆ ಹೋಗಿ ಬರುವಷ್ಟರಲ್ಲಿ ಬೀರು ಒಡೆದಿತ್ತು. ಅವರ ಬಳಿಯೂ ಇದೇ ಪಾಲಿಸಿ ಇತ್ತು, ಸಾಲ ಕೊಟ್ಟ ಬ್ಯಾಂಕೇ ಮಾಡಿಸಿತ್ತು. ಒಂದು ರೂಪಾಯಿಯೂ ಸಿಗಲಿಲ್ಲ. "ಮನೆ ವಿಮೆ ಎಂದರೆ ಮನೆಯಲ್ಲಿರುವುದಕ್ಕೆಲ್ಲ ಅಂದುಕೊಂಡಿದ್ದೆ ಕಣಮ್ಮ" ಎಂದು ಅವರು ಹೇಳಿದಾಗ ಹೊಟ್ಟೆ ಉರಿಯಿತು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಕಳವು ವಿಮೆ ಬೇರೆಯೇ ತೆಗೆದುಕೊಳ್ಳಬೇಕು. ನನ್ನ ಪಾಲಿಸಿಯ ಷರತ್ತುಗಳು ಬಿಗಿಯಾಗಿವೆ. ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕು. ಮನೆಗೆಲಸದವರು ಕದ್ದರೆ ಅನ್ವಯಿಸುವುದಿಲ್ಲ. ನಗದಿಗೆ ರಕ್ಷಣೆ ಇಲ್ಲ. ಸತತ 30 ದಿನ ಮನೆಗೆ ಬೀಗ ಹಾಕುವುದಾದರೆ ಮೊದಲೇ ತಿಳಿಸಬೇಕು. ಎಫ್‌ಐಆರ್ ಅಲ್ಲದೆ, ಕಳ್ಳರು ಪತ್ತೆಯಾಗಲಿಲ್ಲ ಎಂಬ ಪೊಲೀಸರ ಅಂತಿಮ ವರದಿಯನ್ನೂ ಕೇಳುತ್ತಾರೆ. ಒಡವೆಗಳ ಬಿಲ್ಲು ಇಲ್ಲದವರು ಅಕ್ಕಸಾಲಿಗರಿಂದ ತೂಕ, ಮೌಲ್ಯ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಜ್ಜಿ ಕೊಟ್ಟ ಕಾಸಿನ ಸರಕ್ಕೆ ಯಾವ ಬಿಲ್ಲು ಇರುತ್ತದೆ?

ಕ್ಯಾಮೆರಾಗಳಿಂದ ನೆಮ್ಮದಿ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಊರಲ್ಲಿಲ್ಲದಾಗ ಮೊಬೈಲಿನಲ್ಲಿ ಅಂಗಳ ನೋಡಬಹುದು. ಆದರೆ ಅವು ಬೇಡುವ ಆರೈಕೆಯನ್ನು ಯಾರೂ ಹೇಳುವುದಿಲ್ಲ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಹುಳು ಮುತ್ತುತ್ತವೆ, ಹುಳುಗಳಿಗಾಗಿ ಜೇಡ ಬರುತ್ತದೆ, ಲೆನ್ಸಿನ ಮುಂದೆ ಬಲೆ ನೇಯುತ್ತದೆ. ಗಾಳಿಗೆ ಆ ಒಂದು ಎಳೆ ಅಲುಗಿದರೂ ನಡುರಾತ್ರಿ ಎಚ್ಚರಿಕೆ ಮೊಳಗುತ್ತದೆ. ಒರೆಸುವ ಕೋಲಿಗೆ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಒರೆಸುತ್ತೇನೆ. ಧನುರ್ಮಾಸದ ಮಂಜಿನಲ್ಲಿ ಬೆಳಗಿನ ಜಾವದ ಚಿತ್ರವೆಲ್ಲ ಬರೀ ಬಿಳುಪು. ಕರೆಂಟು ಹೋದರೆ ಯುಪಿಎಸ್ ಬೇಕೇ ಬೇಕು. ಚಿತ್ರ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಟಿ.ವಿ. ಪಕ್ಕ ಇಡಬೇಡಿ, ಕಳ್ಳರು ಅದನ್ನೇ ಮೊದಲು ಕಿತ್ತುಕೊಂಡು ಹೋಗುತ್ತಾರೆ. ನಮ್ಮದು ಮೆಟ್ಟಿಲ ಕೆಳಗಿನ ಬೀಗ ಹಾಕಿದ ಗೂಡಿನಲ್ಲಿದೆ. ಕೂರಿಸಿದವರು ಹಾಕಿಕೊಟ್ಟ ಪಾಸ್‌ವರ್ಡನ್ನು ಅಂದೇ ಬದಲಿಸಿ.

ಕ್ಯಾಮೆರಾಕ್ಕಿಂತ ಮೊದಲು ಹಿತ್ತಿಲ ಬಾಗಿಲು ನೋಡಿ. ಮುಂಬಾಗಿಲಿಗೆ ತೇಗ, ಹಿತ್ತಿಲಿಗೆ ಅಗ್ಗದ ಹಲಗೆ ಮತ್ತು ಒಂದು ಚಿಲಕ: ನಮ್ಮೂರಿನ ಬಹುತೇಕ ಮನೆಗಳು ಹೀಗೇ ಇವೆ. ನಮ್ಮ ಯಜಮಾನರು ಅಲ್ಲಿಗೆ ಕಬ್ಬಿಣದ ಗ್ರಿಲ್ ಬಾಗಿಲು ಕೂರಿಸಿದರು. ಕಳ್ಳತನ ತಡೆಯುವ ಮಟ್ಟಿಗೆ ನಾವು ಮಾಡಿದ ಅತ್ಯುತ್ತಮ ಖರ್ಚು ಅದೇ. ಹೊರಗೂರಿಗೆ ಹೋಗುವಾಗ ಠಾಣೆಗೆ ತಿಳಿಸಿದರೆ ಬೀಟ್ ಪೊಲೀಸರು ಆ ಕಡೆ ಕಣ್ಣಿಡುತ್ತಾರೆ. ತುರ್ತು ಕರೆಗೆ 112.

ಕಂಪನಿಯೊಂದಿಗೆ ಜಗಳ ಬಂದರೆ ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಒಡವೆಗಳನ್ನು ಬ್ಯಾಂಕ್ ಲಾಕರಿನಲ್ಲಿಟ್ಟಿದ್ದೇವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಲಾಕರಿನಲ್ಲಿ ಕಳವಾದರೆ, ಬೆಂಕಿ ಬಿದ್ದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. 2,000 ರೂಪಾಯಿ ಬಾಡಿಗೆಗೆ ಹೆಚ್ಚೆಂದರೆ 2 ಲಕ್ಷ. ಈಗಿನ ಚಿನ್ನದ ಬೆಲೆಗೆ ಅದು ಎಲ್ಲಿಗೆ ಸಾಲುತ್ತದೆ? ಆದ್ದರಿಂದ ಲಾಕರಿನಲ್ಲಿರುವ ಒಡವೆಗಳನ್ನೂ ಕಳವು ವಿಮೆಗೆ ಸೇರಿಸಬಹುದೇ ಎಂದು ಈ ಸಲದ ನವೀಕರಣಕ್ಕೆ ಮೊದಲು ಕಂಪನಿಯನ್ನು ಕೇಳಿದ್ದೇನೆ. ಏಜೆಂಟರು ಫೋನಿನಲ್ಲಿ "ಆಗುತ್ತದೆ" ಎಂದರು. ಅದನ್ನೇ ಕಾಗದದ ಮೇಲೆ ಬರೆದು ಕೊಡಲಿ, ಆಮೇಲೆ ಕಂತು ಕಟ್ಟುತ್ತೇನೆ.