3.55, 3.73, 4.10: ಮಸ್ಟ್ಯಾಂಗ್‌ನ ಹಿಂದಿನ ಆಕ್ಸಲ್‌ಗೆ ಯಾವ ಗೇರ್?

ಈ ಅಂಕಿಗಳು ಹಿಂದಿನ ಆಕ್ಸಲ್‌ನ ಗೇರ್ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್ ಬಾಕ್ಸ್‌ನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಮೊದಲೇ ಹೇಳಿಬಿಡುತ್ತೇನೆ, ನಾನು 4.10ರ ಪಕ್ಷ. ನನ್ನದು 2007ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. 4.6 ಲೀಟರ್ ವಿ8, ಐದು ಗೇರಿನ ಮ್ಯಾನ್ಯುಯಲ್. ಫ್ಯಾಕ್ಟರಿಯಿಂದ ಬಂದದ್ದು 3.55. ವರ್ಷಗಟ್ಟಲೆ ಹಾಗೇ ಓಡಿಸಿ ಆಮೇಲೆ 4.10 ಹಾಕಿಸಿದೆ. ಇಲ್ಲೇ ಮಿಶಿಗನ್‌ನಲ್ಲಿರುವ ನನ್ನ ಗೆಳೆಯ, ಅವನೂ ನಮ್ಮ ಕಡೆಯವನೇ, ಅದೇ ಥರದ ಕಾರಿಗೆ 3.73 ಹಾಕಿಸಿಕೊಂಡ. ಶನಿವಾರ ಭಾನುವಾರ ಕೀಲಿ ಅದಲುಬದಲು ಮಾಡಿಕೊಂಡು ಓಡಿಸಿದ್ದೇವೆ, ಜಗಳವನ್ನೂ ಆಡಿದ್ದೇವೆ. ಎರಡಕ್ಕೂ ಟೈರ್ ಒಂದೇ ಅಳತೆ, 17 ಇಂಚಿನ ರಿಮ್‌ಗೆ 235/55. ಎಂಜಿನ್‌ಗೆ ಇಬ್ಬರೂ ಕೈ ಹಾಕಿಲ್ಲ.

ಇದೇನು ಅಂತ ಗೊತ್ತಿಲ್ಲದವರಿಗೆ: ಊರಲ್ಲಿ ಹುಡುಗರು ಆರ್‌ಎಕ್ಸ್ 100ಗೆ ಹಿಂದಿನ ಸ್ಪ್ರಾಕೆಟ್ ಬದಲಾಯಿಸುತ್ತಿದ್ದರಲ್ಲ, ಪಿಕಪ್ ಜಾಸ್ತಿ ಬರಲಿ ಅಂತ, ಅದೇ ಕೆಲಸ. ಇಲ್ಲಿ ಚೈನ್ ಬದಲು ಕ್ರೌನ್ ಅನ್ನುವ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಅನ್ನುವ ಸಣ್ಣ ಗೇರ್ ಇರುತ್ತವೆ, ಅಷ್ಟೇ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಇದ್ದರೆ 4.10. 41ಕ್ಕೆ 11 ಹಲ್ಲಿನ ಜೋಡಿ ಆದರೆ 3.73. ಫ್ಯಾಕ್ಟರಿಯ 3.55 ಅಂದರೆ 39ಕ್ಕೆ 11.

ಈಗ ಲೆಕ್ಕ ನೋಡಿ. 3.55ರಿಂದ 3.73ಕ್ಕೆ ಹೋದರೆ ಚಕ್ರಕ್ಕೆ ಸಿಗುವ ಎಳೆತ ಹೆಚ್ಚುವುದು ಬರೀ ಶೇ. 5. 4.10ಕ್ಕೆ ಹೋದರೆ ಶೇ. 15ಕ್ಕಿಂತ ಸ್ವಲ್ಪ ಮೇಲೆ. ಆದರೆ ಶಾಪ್‌ನವರು ಎರಡಕ್ಕೂ ತೆಗೆದುಕೊಳ್ಳುವ ಕೂಲಿ ಒಂದೇ, ಆ ಕೂಲಿ ಗೇರ್ ಸೆಟ್‌ನ ಬೆಲೆಗಿಂತ ಜಾಸ್ತಿ ಬೇರೆ. ಹೇಗಿದ್ದರೂ ಆಕ್ಸಲ್ ಬಿಚ್ಚಿಸುತ್ತೀರಿ, ಬೇರಿಂಗ್ ಹೊಸದು ಹಾಕಿಸುತ್ತೀರಿ, ಎಣ್ಣೆ ತುಂಬಿಸುತ್ತೀರಿ, ಅಷ್ಟೆಲ್ಲಾ ಖರ್ಚು ಮಾಡಿ ಶೇ. 5 ತಂದುಕೊಳ್ಳುವುದು ನನ್ನ ತಲೆಗೆ ಹತ್ತುವುದಿಲ್ಲ. ಗೆಳೆಯನ ಕಾರು ಓಡಿಸಿದಾಗೆಲ್ಲ ನನಗೆ ಅನಿಸುವುದು, ಇದು ನನ್ನ ಹಳೆಯ 3.55ರ ಹಾಗೇ ಇದೆಯಲ್ಲ ಅಂತ. ಅವನು ಒಪ್ಪುವುದಿಲ್ಲ, ಬಿಡಿ.

ಊರೊಳಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ವುಡ್‌ವರ್ಡ್ ಅವೆನ್ಯೂನಲ್ಲಿ ಸಿಗ್ನಲ್ ಮೇಲೆ ಸಿಗ್ನಲ್, ನಿಂತು ನಿಂತು ಹೋಗಬೇಕು. 4.10ರಲ್ಲಿ ಕ್ಲಚ್ ಬಿಟ್ಟರೆ ಸಾಕು, ಕಾರು ತಾನೇ ಹೊರಡುತ್ತದೆ, ಆಕ್ಸಿಲರೇಟರ್ ಮುಟ್ಟುವ ಮೊದಲೇ. ಗಂಟೆಗೆ 45 ಮೈಲಿಯಲ್ಲಿ ಐದನೇ ಗೇರ್ ಹಾಕಿದರೆ 3.55ರಲ್ಲಿ ಎಂಜಿನ್ 1350 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹತ್ತಿರ ಗೊಣಗುತ್ತಿತ್ತು. 4.10ರಲ್ಲಿ 1550 ಇರುತ್ತದೆ, ಆರಾಮಾಗಿ ಎಳೆಯುತ್ತದೆ, ಅಂದರೆ ಐದನೇ ಗೇರ್ ಊರೊಳಗೂ ಕೆಲಸಕ್ಕೆ ಬಂತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಗೆಳೆಯನ ಕೈಯಲ್ಲಿರುವ ಗಟ್ಟಿ ವಾದ ಎರಡನೇ ಗೇರಿನದು. 6000 ಆರ್‌ಪಿಎಂವರೆಗೆ ಎಳೆದರೆ ಎರಡನೇ ಗೇರ್ 3.55ರಲ್ಲಿ 68 ಮೈಲಿಗೆ ಹೋಗುತ್ತದೆ, 3.73ರಲ್ಲಿ 65ಕ್ಕೆ, 4.10ರಲ್ಲಿ 59ಕ್ಕೇ ಮುಗಿದುಹೋಗುತ್ತದೆ. ಅಮೆರಿಕದಲ್ಲಿ ಎಲ್ಲರೂ ಅಳೆಯುವುದು ಸೊನ್ನೆಯಿಂದ 60 ಮೈಲಿ. ಆ ಒಂದು ಮೈಲಿಗೋಸ್ಕರ ಮೂರನೇ ಗೇರ್ ಹಾಕಲೇಬೇಕು, ಅಲ್ಲಿ ಟೈಮ್ ಹೋಗುತ್ತದೆ. ಕಾಗದದ ಮೇಲೆ ಅವನೇ ಗೆದ್ದ. ಮೊದಲನೇ ಗೇರೂ 35 ಮೈಲಿಗೇ ಖಾಲಿ, ಜೋರಾಗಿ ಹೊರಟರೆ ಕೈ ಬಿಡುವಿಲ್ಲದೆ ಕೆಲಸ ಮಾಡಬೇಕು. ಮಳೆಯಲ್ಲಂತೂ ಸಾಧಾರಣ ಆಲ್ ಸೀಸನ್ ಟೈರ್ ಇದ್ದರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗುತ್ತಲೇ ಇರುತ್ತದೆ. ನವೆಂಬರ್ ಬಂದರೆ ನಾನು ಕಾರಿಗೆ ಕವರ್ ಹಾಕಿಬಿಡುತ್ತೇನೆ, ಅವನು ಡಿಸೆಂಬರ್‌ವರೆಗೂ ಓಡಿಸುತ್ತಾನೆ.

ಹೈವೇ ವಿಷಯದಲ್ಲಿ ಜನ ಸುಮ್ನೆ ಹೆದರಿಸುತ್ತಾರೆ. 70 ಮೈಲಿ ವೇಗಕ್ಕೆ ಐದನೇ ಗೇರಿನಲ್ಲಿ 3.55ಕ್ಕೆ ಸುಮಾರು 2100 ಆರ್‌ಪಿಎಂ, 3.73ಕ್ಕೆ 2200, 4.10ಕ್ಕೆ 2400. ವಿ8 ಎಂಜಿನ್‌ಗೆ 2400 ಒಂದು ಲೆಕ್ಕವೇ? ಐದನೇ ಗೇರಿನ ರೇಶಿಯೋ 0.68 ಇರುವುದರಿಂದ ಇದೆಲ್ಲ ನಡೆಯುತ್ತದೆ. ಪೆಟ್ರೋಲ್‌ನಲ್ಲಿ ಗ್ಯಾಲನ್‌ಗೆ ಒಂದು ಮೈಲಿಯಷ್ಟು ಹೊಡೆತ ಬಿತ್ತು, ಅದೂ ಹೈವೇಯಲ್ಲಿ ಮಾತ್ರ. ನಿಜವಾಗಿ ಕಿರಿಕಿರಿ ಮಾಡುವುದು ಬೇರೆ ಎರಡು. ಒಂದು, ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್. 70 ಮೈಲಿಯಲ್ಲಿ ಅದು ಮೊದಲು 3100ರ ಹತ್ತಿರ ತಿರುಗುತ್ತಿತ್ತು, ಈಗ 3550. ಕಂಪನಿಯ ಶಾಫ್ಟ್ ಎರಡು ತುಂಡಿನದು, ಜಾಯಿಂಟ್ ಸವೆದಿದ್ದರೆ 4.10 ಹಾಕಿದ ಕೂಡಲೇ ಸೀಟಿನ ಕೆಳಗೆ ನಡುಕ ಗೊತ್ತಾಗುತ್ತದೆ. ಇನ್ನೊಂದು, ಗೇರಿನ ಕೂಗು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಸಣ್ಣಗೆ ಗುಂಯ್ ಅನ್ನುತ್ತದೆ. ನನ್ನದರಲ್ಲಿ ಸ್ವಲ್ಪ ಇದೆ, ಗೆಳೆಯನದರಲ್ಲಿ ಇಲ್ಲವೇ ಇಲ್ಲ.

ಆದರೆ ಆ ಕೂಗಿಗೂ ರೇಶಿಯೋಗೂ ಸಂಬಂಧವಿಲ್ಲ, ಕೂರಿಸಿದವನ ಕೈಯಲ್ಲಿ ಇರುವ ವಿಷಯ ಅದು. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ಶಿಮ್ (ತೆಳು ತಗಡಿನ ಬಳೆ) ಹಾಕಿ ಹಾಕಿ ನೋಡಬೇಕು. ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್‌ನಲ್ಲಿ ಅಳೆಯಬೇಕು. ಹಲ್ಲಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿ ಅಚ್ಚು ಎಲ್ಲಿ ಬೀಳುತ್ತದೆ ಅಂತ ಪರೀಕ್ಷಿಸಬೇಕು, ಸರಿ ಇಲ್ಲದಿದ್ದರೆ ಮತ್ತೆ ಬಿಚ್ಚಬೇಕು. ಕೊಡುವ ಮೊದಲು ಆ ಅಚ್ಚಿನ ಫೋಟೋ ತೆಗೆದು ಕಳಿಸುತ್ತೀರಾ ಅಂತ ಕೇಳಿ. ಹಿಂದೆ ಮುಂದೆ ನೋಡಿದರೆ ಬೇರೆ ಶಾಪ್ ಹುಡುಕಿ.

ಅಂದಹಾಗೆ, 3.73 ಸಾಕು ಅನ್ನುವ ಮಾತು ಎಲ್ಲ ಕಡೆ ಕೇಳಿಬರುವುದಕ್ಕೆ ಕಾರಣ ಇದೆ. 2011ರಿಂದ 2017ರವರೆಗೆ ಬಂದ 5.0 ಲೀಟರ್ ಮ್ಯಾನ್ಯುಯಲ್ ಮಸ್ಟ್ಯಾಂಗ್‌ಗಳಲ್ಲಿ ಆರು ಗೇರಿನ ಬಾಕ್ಸ್, ಅದರ ಮೊದಲನೇ ಗೇರೇ 3.66. ಅದನ್ನು 3.73ರಿಂದ ಗುಣಿಸಿದರೆ ಒಟ್ಟು 13.65. ನಮ್ಮ ಹಳೆಯ ಬಾಕ್ಸ್‌ನ ಮೊದಲನೇ ಗೇರ್ 3.38, ಅದನ್ನು 4.10ರಿಂದ ಗುಣಿಸಿದರೆ 13.86. ಅಂದರೆ ಅವರ 3.73 ಮಾಡುವ ಕೆಲಸವನ್ನು ನಮ್ಮ ಕಾರಿನಲ್ಲಿ 4.10 ಮಾಡುತ್ತದೆ! ಹೊಸ ಕಾರಿನವರ ಮಾತನ್ನು ಹಳೆ ಕಾರಿನವರು ಹಾಗೇ ತೆಗೆದುಕೊಂಡರೆ ಹೇಗೆ? ಇನ್ನು ನಮ್ಮದೇ ವರ್ಷದ ಆಟೊಮ್ಯಾಟಿಕ್ ಜಿಟಿಗೆ ಫ್ಯಾಕ್ಟರಿಯಿಂದ 3.31 ಬರುತ್ತಿತ್ತು. ಅದರಿಂದ 3.73ಕ್ಕೆ ಹೋದರೆ ಶೇ. 13ರಷ್ಟು ಹೆಚ್ಚುತ್ತದೆ, ಕೊಟ್ಟ ಕಾಸಿಗೆ ಮೋಸವಿಲ್ಲ.

ದಿನಾ ಹೈವೇಯಲ್ಲೇ ಓಡಾಡುವ ಮ್ಯಾನ್ಯುಯಲ್‌ನವರು 3.55 ಹಾಗೇ ಬಿಡಿ, ಆ ದುಡ್ಡಿಗೆ ಒಳ್ಳೆಯ ಟೈರ್ ಬರುತ್ತದೆ. ಬದಲಾಯಿಸಲೇಬೇಕು ಅಂದರೆ 4.10. ಯಾವುದೇ ಹಾಕಿದರೂ ಟ್ಯೂನರ್‌ನಿಂದ ಕಾರಿನ ಕಂಪ್ಯೂಟರ್‌ಗೆ ಹೊಸ ರೇಶಿಯೋ ತುಂಬಿಸುವುದು ಮರೆಯಬೇಡಿ, ಇಲ್ಲದಿದ್ದರೆ 4.10ರಲ್ಲಿ ನೀವು 70ರಲ್ಲಿ ಹೋಗುತ್ತಿದ್ದರೂ ಸ್ಪೀಡೋಮೀಟರ್ 81 ತೋರಿಸುತ್ತದೆ. ಆಕ್ಸಲ್‌ಗೆ ಎಣ್ಣೆ 75ಡಬ್ಲ್ಯು-140 ಸಿಂಥೆಟಿಕ್, ಜೊತೆಗೆ ಒಂದೇ ಚಕ್ರ ಸುಮ್ನೆ ತಿರುಗದಂತೆ ನೋಡಿಕೊಳ್ಳುವ ಲಿಮಿಟೆಡ್ ಸ್ಲಿಪ್‌ಗೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ದ್ರವ. ಮೊದಮೊದಲು ಒಂದು ಹದಿನೈದು ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ, ಹೀಗೇ ನಾಲ್ಕಾರು ಸಲ. 500 ಮೈಲಿ ಆಗುವವರೆಗೆ ಸಿಗ್ನಲ್‌ನಲ್ಲಿ ಪಕ್ಕದವನು ಎಷ್ಟೇ ರೇಸ್ ಕೊಟ್ಟರೂ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಎಣ್ಣೆ ಬದಲಾಯಿಸಿ, ಮುಂದಿನದು ನಿಮ್ಮಿಷ್ಟ.