‘ದಿ ಸಿಂಪ್ಸನ್ಸ್’ ಕ್ರಿಸ್‌ಮಸ್ ಕಂತು: ಒಂದು ವಿಮರ್ಶೆ

ಸಂತ ಫಿಲೋಮಿನಾ ಚರ್ಚಿನ ದೀಪಾಲಂಕಾರ ನೋಡಿ ಬಂದ ರಾತ್ರಿ, ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು, 1989ರ ಡಿಸೆಂಬರ್ 17ರಂದು ಅಮೆರಿಕದಲ್ಲಿ ಮೊದಲು ಪ್ರಸಾರವಾದ, ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯ ಈ ಕಂತನ್ನು ನೋಡಿದೆವು. ಬೋನಸ್ ಕೈತಪ್ಪಿದ, ಸಿಂಪ್ಸನ್ ಕುಟುಂಬದ ಅಪ್ಪ ಹೋಮರ್ ಮಾಲ್‌ನಲ್ಲಿ ಸಾಂಟಾ ವೇಷ ತೊಡುತ್ತಾನೆ. ಆ ಸಂಬಳವೂ ಸಾಲದೆ, ನಾಯಿ ಓಟದ ಜೂಜಿಗೆ ಹೋಗಲು ಹಿಂಜರಿಯುವ ಅಪ್ಪನಿಗೆ, ಟೈನಿ ಟಿಮ್, ಚಾರ್ಲಿ ಬ್ರೌನ್, ಸ್ಮರ್ಫ್‌ಗಳ ಪಾಲಿಗೆ ನಡೆದ ಪವಾಡ ನಮಗೂ ನಡೆಯುತ್ತದೆಂದು ಮಗ ಬಾರ್ಟ್ ಧೈರ್ಯ ತುಂಬುವ ಮಾತೇ ಈ ಕಂತಿನ ಜೀವಾಳ. ಡಿಕನ್ಸ್ ಅವರ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯ ಊರುಗೋಲಿನ ಬಾಲಕ ಟೈನಿ ಟಿಮ್‌ನನ್ನು ಕಾರ್ಟೂನ್ ಪಾತ್ರಗಳ ಸಾಲಿನಲ್ಲಿ ನಿಲ್ಲಿಸಿ, ಟಿವಿ ಕಲಿಸಿದ ನಂಬಿಕೆಯನ್ನೇ ಬರಹಗಾರರು ಪರೀಕ್ಷೆಗೊಡ್ಡುತ್ತಾರೆ. ಪಂತ ಸೋಲುತ್ತದೆ, ಆದರೆ ಸೋತ ನಾಯಿಯೇ ಮನೆಗೆ ಬರುತ್ತದೆ. ಬ್ಯಾಟ್‌ಮನ್ ಹೆಸರು ಸೇರಿಸಿ ತಿರುಚಿದ ‘ಜಿಂಗಲ್ ಬೆಲ್ಸ್’ ಮಕ್ಕಳನ್ನು ನಗಿಸಿತು. ಕನ್ನಡ ಸಬ್‌ಟೈಟಲ್ ಇರಲಿಲ್ಲವಾದ್ದರಿಂದ ಟೈನಿ ಟಿಮ್ ಯಾರೆಂದು ಅಮ್ಮನಿಗೆ ನಾನೇ ವಿವರಿಸಬೇಕಾಯಿತು.