ಹಳೇ ಸೈಕಲ್ಲಿಗೆ ಹೊಸ ಗೇರು: ಫ್ರೀವೀಲಾ, ಕ್ಯಾಸೆಟ್ಟಾ, ಮುಂದೆ ಒಂದೇ ಚೈನ್‌ವೀಲಾ?

ಮನೆಯಲ್ಲಿ ಹದಿನೆಂಟು ಗೇರಿನ ಹಳೇ ಸೈಕಲ್ ಇದ್ದರೆ, ಅಂಗಡಿಗೆ ಹೋಗುವ ಮೊದಲು ಅದರ ಮುಂದೆ ಕೂತು ಹಲ್ಲು ಎಣಿಸಿ. ಪೆಡಲಿನ ಜೊತೆ ತಿರುಗುವ ಮುಂದಿನ ಚೈನ್‌ವೀಲ್‌ಗಳ ಹಲ್ಲು, ಹಿಂದಿನ ಚಕ್ರದ ಮೇಲೆ ಸಾಲಾಗಿ ಕೂತ ಹಲ್ಲುಚಕ್ರಗಳ ಗುಂಪಿನ, ಅಂದರೆ ಫ್ರೀವೀಲಿನ ಹಲ್ಲು. ನನ್ನದರಲ್ಲಿ ಮುಂದೆ 48, 38, 28 ಇದ್ದವು. ಹಿಂದೆ 14ರಿಂದ 28 ಹಲ್ಲಿನವರೆಗೆ ಆರು ಹಲ್ಲುಚಕ್ರ. ಅಂದರೆ ಅತಿ ಹಗುರ ಗೇರಿನಲ್ಲಿ ಮುಂದೆಯೂ 28, ಹಿಂದೆಯೂ 28. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರವೂ ಸರಿಯಾಗಿ ಒಂದು ಸುತ್ತು. 26 ಇಂಚಿನ ಚಕ್ರಕ್ಕೆ ಅದು ಸುಮಾರು ಎರಡು ಮೀಟರ್.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಕ್ಯಾತ್ಸಂದ್ರದ ಕಡೆ ಹೋಗಿ ಬರೋದಕ್ಕೆ ಇಷ್ಟು ಧಾರಾಳವಾಗಿ ಸಾಕು. ದೇವರಾಯನದುರ್ಗಕ್ಕೆ ಸಾಲದು. ಊರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಬೆಟ್ಟ ಅದು, ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ನಾಮದ ಚಿಲುಮೆಯವರೆಗೆ ಏನೂ ತೊಂದರೆಯಿಲ್ಲ. ಆಮೇಲೆ ಕಾಡಿನ ನಡುವೆ ತಿರುವು ಮೇಲೆ ತಿರುವು ಬಂದು ರಸ್ತೆ ಏರತೊಡಗಿದಾಗ ಲೆಕ್ಕ ಕೆಡುತ್ತದೆ. 28-28ರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಏಳು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಏರಿನಲ್ಲಿ ಆ ವೇಗ ಹಿಡಿಯುವ ಶಕ್ತಿ ನನ್ನಂಥವರಿಗಿಲ್ಲ. ವೇಗ ಐದಕ್ಕೆ ಇಳಿದರೆ ತುಳಿತ ನಲವತ್ತಕ್ಕೆ ಇಳಿಯುತ್ತದೆ, ಮಂಡಿ ನೋಯತೊಡಗುತ್ತದೆ. ಕೊನೆಗೆ ಕೋತಿಗಳ ಎದುರು ಸೈಕಲ್ ತಳ್ಳಿಕೊಂಡು ಹೋಗೋದೇ ಗತಿ.

ಹಾಗಾಗಿ ಒಂದೇ ಸೈಕಲ್ಲಿಗೆ ಬೇರೆ ಬೇರೆ ಗೇರು ಕೂರಿಸಿ, ಒಂದೇ ಬೆಟ್ಟ ಹತ್ತಿ ನೋಡಿದೆ. ಫ್ರೇಮು ಉಕ್ಕಿನದು. ಕೆಲಸವೆಲ್ಲ ಮನೆಯ ಜಗಲಿಯಲ್ಲೇ. ನಾನು ಕಸುಬಿನ ಮೆಕ್ಯಾನಿಕ್ ಅಲ್ಲ. ಪಂಕ್ಚರ್ ಹಾಕೋದು, ಬ್ರೇಕ್ ಬಿಗಿ ಮಾಡೋದು ಮೊದಲೇ ಗೊತ್ತಿತ್ತು, ಉಳಿದದ್ದು ಮಾಡುತ್ತಾ ಕಲಿತಿದ್ದು.

ಮೊದಲು ಹಾಕಿದ್ದು 14-34 ಹಲ್ಲಿನ ಏಳು ಗೇರಿನ ಫ್ರೀವೀಲ್. ಸೈಕಲ್ ಗೇರು ಮಾಡುವ ಶಿಮಾನೋ ಕಂಪನಿಯ ಟೂರ್ನಿ ಸಾಲಿನಲ್ಲಿ ಸಿಗುವ ಮಾಮೂಲಿ ಮಾಲು ಇದು. ಹಲ್ಲುಗಳು 14, 16, 18, 20, 22, 24, ಆಮೇಲೆ ಒಂದೇ ಸಲ 34. ಇದನ್ನು ಮೆಗಾರೇಂಜ್ ಅನ್ನುತ್ತಾರೆ. ಮುಂದೆ ಅದೇ ಹಳೇ 28 ಇದ್ದರೂ ಅತಿ ಹಗುರ ಗೇರು 0.82ಕ್ಕೆ ಇಳಿಯುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಕಡಿಮೆಯಾದಷ್ಟೂ ಏರು ಸುಲಭ.

ಇದರಲ್ಲಿ ಕಷ್ಟ ಇರೋದು ಹೊಸದನ್ನು ಹಾಕೋದರಲ್ಲಲ್ಲ, ಹಳೆಯದನ್ನು ಬಿಚ್ಚೋದರಲ್ಲಿ. ಫ್ರೀವೀಲ್ ಅನ್ನೋದು ಚಕ್ರದ ನಡುವಿನ ಹಬ್ಬಿನ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ತಿರುಗಿಸಿ ಕೂರಿಸಿದ್ದು. ಪ್ರತಿ ಸಲ ತುಳಿದಾಗಲೂ ಅದು ಇನ್ನಷ್ಟು ಬಿಗಿಯಾಗುತ್ತದೆ. ವರ್ಷಗಟ್ಟಲೆ ತುಳಿದ ಮೇಲೆ ಕೈಯಲ್ಲಿ ಅಲ್ಲಾಡುವ ಮಾತೇ ಇಲ್ಲ. ಅದಕ್ಕೆ ರಿಮೂವರ್ ಎಂಬ ಚಿಕ್ಕ ಟೂಲ್ ಬೇಕು. ನಿಮ್ಮ ಫ್ರೀವೀಲಿನ ಒಳಗೆ ಸುತ್ತಲೂ ಗೀರುಗಳಿವೆಯೋ, ಎರಡೇ ಎರಡು ಕಚ್ಚುಗಳಿವೆಯೋ ನೋಡಿ, ಅದಕ್ಕೆ ಹೊಂದುವುದನ್ನೇ ತನ್ನಿ. ಟೂಲ್ ಕೂರಿಸಿದ ಮೇಲೆ ಆಕ್ಸಲ್ ನಟ್ಟನ್ನು ಅದರ ಮೇಲೆ ಹಗುರಾಗಿ ಬಿಗಿಯಬೇಕು. ಇಲ್ಲದಿದ್ದರೆ ಟೂಲ್ ಜಾರಿ ಕಚ್ಚು ಹಾಳಾಗುತ್ತದೆ. ಆಮೇಲೆ ಉದ್ದನೆಯ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಬೇಕು. ಬೆಂಚ್ ವೈಸ್ ಇದ್ದರೆ ಇನ್ನೂ ಒಳ್ಳೆಯದು. ಟೂಲನ್ನು ವೈಸಿನಲ್ಲಿ ಕಚ್ಚಿಸಿ, ಇಡೀ ಚಕ್ರವನ್ನೇ ಬಸ್ಸಿನ ಸ್ಟೇರಿಂಗ್ ಥರ ಹಿಡಿದು ತಿರುಗಿಸಬಹುದು. ಮೊದಲ ಪಟ್ಟು ಬಿಟ್ಟ ತಕ್ಷಣ ನಟ್ಟು ಸಡಿಲಿಸಿ, ಉಳಿದದ್ದನ್ನು ಮೆಲ್ಲಗೆ ಬಿಚ್ಚಿ. ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರು ಇದನ್ನು ನೋಡಿ, ‘ಸಾರ್, ಹಾಕುವಾಗ ಗ್ರೀಸ್ ಮರೀಬೇಡಿ, ಮುಂದಿನ ಸಲ ಬಿಚ್ಚೋರು ನಿಮ್ಮನ್ನ ನೆನೆಸ್ಕೊಳ್ತಾರೆ’ ಅಂದರು. ಮರೆಗೆ ಗ್ರೀಸ್ ಹಚ್ಚಿ, ಹೊಸ ಫ್ರೀವೀಲನ್ನು ಮೊದಲ ಕೆಲವು ಸುತ್ತು ಬರಿಗೈಯಲ್ಲೇ ತಿರುಗಿಸಬೇಕು. ಸೊಟ್ಟಗೆ ಕಚ್ಚಿಕೊಂಡರೆ ಹಬ್ಬೇ ಹೋಯಿತು.

ಏಳು ಗೇರಿನದು ಆರರದ್ದಕ್ಕಿಂತ ಚೂರು ಅಗಲ. ಚಿಕ್ಕ ಹಲ್ಲಿನ ಮೇಲೆ ಚೈನು ಬಂದಾಗ ಫ್ರೇಮಿಗೆ ಉಜ್ಜುತ್ತಿತ್ತು. ಬಲಗಡೆ ಆಕ್ಸಲ್ಲಿಗೆ ಒಂದು ದಪ್ಪ ವಾಷರ್ ಹಾಕಿದ ಮೇಲೆ ಸರಿಹೋಯಿತು. ಆದರೆ ಆಗ ಚಕ್ರ ಒಂದು ಪಕ್ಕಕ್ಕೆ ಸರಿಯುತ್ತದೆ, ಕಡ್ಡಿಗಳನ್ನು ಬಿಗಿ-ಸಡಿಲ ಮಾಡಿ ರಿಮ್ಮನ್ನು ನಡುವಿಗೆ ತರಬೇಕು. ಕಡ್ಡಿ ಕೆಲಸ ಮಾತ್ರ ಅಂಗಡಿಯಲ್ಲೇ ಮಾಡಿಸಿ ಅಂತ ಹೇಳುತ್ತೇನೆ. ಅವರಿಗೆ ಅದು ಹತ್ತು ನಿಮಿಷದ ಕೆಲಸ, ನಮಗೆ ಒಂದು ಭಾನುವಾರ ಪೂರ್ತಿ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರನ್ನೂ ಬದಲಿಸಬೇಕಾಯಿತು. ಹಳೆಯದು 28 ಹಲ್ಲಿನವರೆಗೆ ಮಾತ್ರ ಹೋಗುತ್ತಿತ್ತು. ಇಲ್ಲಿ ಎರಡು ಸಂಗತಿ ನೋಡಿಕೊಳ್ಳಬೇಕು. ಒಂದು, ಅದು 34ರವರೆಗೆ ಹೋಗುತ್ತದಾ? ಎರಡು, ಎಷ್ಟು ಸಡಿಲ ಚೈನನ್ನು ಎಳೆದುಕೊಳ್ಳುತ್ತದೆ? ಲೆಕ್ಕ ಸುಲಭ. ಮುಂದಿನ ದೊಡ್ಡದು-ಚಿಕ್ಕದರ ವ್ಯತ್ಯಾಸ 20, ಹಿಂದಿನದ್ದರದು 20, ಒಟ್ಟು 40. ನಾನು ತಂದ ಉದ್ದ ಕೇಜಿನ (ಚೈನನ್ನು ಹಿಡಿದು ಎಳೆಯುವ ಚೌಕಟ್ಟಿನ) ಟೂರ್ನಿ ಡಿರೇಲರ್ 43ರವರೆಗೆ ತಡೆಯುತ್ತದೆ. ಹಳೇ ಫ್ರೇಮಿನಲ್ಲಿ ಡಿರೇಲರ್ ನೇತುಹಾಕಲು ಕಿವಿಯಂಥ ಜಾಗ ಇಲ್ಲದಿದ್ದರೆ, ಆಕ್ಸಲ್ ನಟ್ಟಿಗೆ ಸಿಕ್ಕಿಸುವ ಬ್ರಾಕೆಟ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಬೆಟ್ಟದಲ್ಲಿ ಇದು ಹೇಗಿತ್ತು? ಕೆಲಸ ಮಾಡಿತು. ಕಡಿದಾದ ತಿರುವುಗಳಲ್ಲಿ 34ಕ್ಕೆ ಹಾಕಿ ಕೂತುಕೊಂಡೇ ಹತ್ತಬಹುದು. ಒಂದೇ ಬೇಸರ, 24ರಿಂದ 34ಕ್ಕೆ ಹೋಗುವ ಆ ನೆಗೆತ. ಕಾಲು ಇದ್ದಕ್ಕಿದ್ದಂತೆ ಗಾಳಿಯಲ್ಲಿ ತುಳಿದ ಹಾಗೆ ಆಗುತ್ತದೆ. ಎರಡರ ನಡುವೆ ಇನ್ನೊಂದು ಇರಬೇಕಿತ್ತು ಅನ್ನಿಸುವ ಏರುಗಳು ದುರ್ಗದ ದಾರಿಯಲ್ಲಿ ಬೇಕಾದಷ್ಟಿವೆ.

ಆ ನೆಗೆತ ತಪ್ಪಿಸೋದಕ್ಕೇ ಕ್ಯಾಸೆಟ್ಟಿನ ಕಡೆ ಹೋದೆ. ಫ್ರೀವೀಲಿಗೂ ಕ್ಯಾಸೆಟ್ಟಿಗೂ ಏನು ವ್ಯತ್ಯಾಸ ಅಂತ ಹೊಸಬರು ಕೇಳುತ್ತಾರೆ. ಫ್ರೀವೀಲಿನಲ್ಲಿ ಟಕಟಕ ಅನ್ನುವ ಯಂತ್ರ ಹಲ್ಲುಗಳ ಜೊತೆಯಲ್ಲೇ ಇರುತ್ತದೆ. ಕ್ಯಾಸೆಟ್ಟಿನಲ್ಲಿ ಅದು ಹಬ್ಬಿನ ಭಾಗ, ಹಲ್ಲುಗಳು ಮಾತ್ರ ಅದರ ಮೇಲೆ ಜಾರಿ ಕೂರುತ್ತವೆ. ಶಿಮಾನೋ ಈ ಫ್ರೀಹಬ್ಬನ್ನು 1978ರಲ್ಲಿ ತಂದಿತು. ಅದರ ನಿಜವಾದ ಲಾಭ ಆಕ್ಸಲ್ಲಿಗೆ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗಿನ ಬಾಲ್ಸ್ ಒಳಗೆಲ್ಲೋ ಇರುತ್ತವೆ. ಆಚೆಗೆ ಚಾಚಿಕೊಂಡ ಆಕ್ಸಲ್ಲಿಗೆ ಆಸರೆ ಇಲ್ಲ, ಗುಂಡಿಗೆ ಬಿದ್ದಾಗ ಅದು ಬಾಗುತ್ತದೆ. ಹಿಂದೆ ಕ್ಯಾರಿಯರ್ ಮೇಲೆ ಮೂಟೆ ಹಾಕುವವರ ಆಕ್ಸಲ್ ಮತ್ತೆ ಮತ್ತೆ ಬಾಗೋದು ಇದಕ್ಕೇ. ಫ್ರೀಹಬ್ಬಿನಲ್ಲಿ ಬಾಲ್ಸ್ ಅಂಚಿನ ಹತ್ತಿರವೇ ಇರುತ್ತವೆ.

ಆದರೆ ಇದು ಬರೀ ಹಲ್ಲು ಬದಲಿಸುವ ಕೆಲಸ ಅಲ್ಲ. ಹಿಂದಿನ ಇಡೀ ಚಕ್ರವೇ ಹೊಸದು ಬೇಕು. ನಾನು ತಂದ ಎಂಟಿಬಿ (ಬೆಟ್ಟದ ಸೈಕಲ್) ಚಕ್ರದ ಹಬ್ಬಿನ ಅಗಲ 135 ಮಿಲಿಮೀಟರ್, ನನ್ನ ಫ್ರೇಮಿನ ಸಂದು 130. ಉಕ್ಕಿನ ಫ್ರೇಮ್ ಆದ್ದರಿಂದ ಎರಡೂ ಕಡೆ ಕೈಯಿಂದ ಅಗಲಿಸಿ ಕೂರಿಸಬಹುದು, ಐದು ಮಿಲಿಮೀಟರಿಗೆ ಉಕ್ಕು ಒಪ್ಪುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಈ ಸಾಹಸ ಬೇಡವೇ ಬೇಡ, ಸೀಳುತ್ತದೆ. ಫ್ರೇಮ್ ನೇರವಾಗಿದೆಯೋ ನೋಡೋದಕ್ಕೆ ಒಂದು ದಾರ ಸಾಕು. ಹ್ಯಾಂಡಲ್ ಕೆಳಗಿನ ಪೈಪಿನ ಸುತ್ತ ತಂದು, ಎರಡು ತುದಿಗಳನ್ನೂ ಹಿಂದಿನ ಆಕ್ಸಲ್ ಸಂದುಗಳಿಗೆ ಕಟ್ಟಿ. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ಒಂದೇ ಅಂತರ ಬರಬೇಕು.

ಎಂಟು ಗೇರಿನ ಕ್ಯಾಸೆಟ್ಟಿನಲ್ಲೂ ಎರಡು ಬಗೆ ನೋಡಿದೆ. 11-34ರಲ್ಲಿ 26ರಿಂದ ನೇರ 34ಕ್ಕೆ ಹಾರುತ್ತದೆ, ಅಂದರೆ ಬಿಟ್ಟುಬಂದ ಕಾಟ ಇಲ್ಲೂ ಇದೆ. 11-32ರಲ್ಲಿ 21, 24, 28, 32 ಅಂತ ಮೆಟ್ಟಿಲು ಸಮವಾಗಿದೆ. ನಾನು 11-32 ತೆಗೆದುಕೊಂಡೆ. ಗೇರು ಬದಲಾಗೋದು ಬೆಣ್ಣೆಯಷ್ಟು ನಯ, ಇದರಲ್ಲಿ ಎರಡು ಮಾತಿಲ್ಲ.

ಈಗ ಲೆಕ್ಕ ನೋಡಿ. ಮುಂದೆ ಅದೇ 28, ಹಿಂದೆ 32. ಬಂದದ್ದು 0.88 ಹತ್ತಿರ. ಫ್ರೀವೀಲ್ ಕೊಟ್ಟ 0.82ಕ್ಕಿಂತ ಭಾರ! ಚಕ್ರ, ಕ್ಯಾಸೆಟ್ಟು, ಕಡ್ಡಿ ಕೆಲಸ ಎಲ್ಲ ಸೇರಿ ಫ್ರೀವೀಲಿನ ಮೂರುಪಟ್ಟು ಖರ್ಚು, ಬೆಟ್ಟದ ಮಟ್ಟಿಗೆ ಮಾತ್ರ ಹಿಂದಕ್ಕೆ ಹೆಜ್ಜೆ. ಇನ್ನೊಂದು ತುದಿಯಲ್ಲಿ 48-11 ಸಿಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 43 ಕಿಲೋಮೀಟರ್. ಆ ಗೇರನ್ನು ನಾನು ಹೈವೇಯಲ್ಲೂ ಉಪಯೋಗಿಸುವುದಿಲ್ಲ, ನೀವೂ ಉಪಯೋಗಿಸುವುದಿಲ್ಲ. ಇಳಿಜಾರಿನಲ್ಲಿ ಸುಮ್ನೆ ಕೂತರೇ ಸಾಕು, ತುಳಿಯಬೇಕಾಗಿಲ್ಲ ಅಲ್ವಾ?

ಮುಂದೆ ಒಂದೇ ಚೈನ್‌ವೀಲ್ ಹಾಕುವ ಫ್ಯಾಷನ್ ಈಗ ಎಲ್ಲ ಕಡೆ ಇದೆ. ಸ್ರ್ಯಾಮ್ ಕಂಪನಿ 2012ರಲ್ಲಿ ಎಕ್ಸ್‌ಎಕ್ಸ್1 ಎಂಬ ಗೇರ್ ಸೆಟ್ ತಂದ ಮೇಲೆ ಜೋರಾಯಿತು. ಒಂದು ಹಲ್ಲು ದಪ್ಪ, ಇನ್ನೊಂದು ತೆಳು, ಹೀಗೆ ಬದಲಾಗುತ್ತಾ ಹೋಗುವ ಚೈನ್‌ವೀಲ್ ಅದು. ಚೈನು ಬೀಳದಂತೆ ಹಿಡಿದುಕೊಳ್ಳುತ್ತದೆ. 32 ಹಲ್ಲಿನದನ್ನು ಕ್ಯಾಸೆಟ್ ಚಕ್ರದ ಜೊತೆ ಹಾಕಿ ಓಡಿಸಿದೆ. ಊರೊಳಗೆ ಎಂಥಾ ಸುಖ! ಮುಂದಿನ ಗೇರು ಬದಲಿಸುವ ಶಿಫ್ಟರ್ ಇಲ್ಲ, ಕೇಬಲ್ ಇಲ್ಲ, ಚೈನು ಉಜ್ಜುವ ಸದ್ದಿಲ್ಲ. ಅಶೋಕ ರಸ್ತೆಯ ಗದ್ದಲದಲ್ಲಿ ಬಲಗೈ ಹೆಬ್ಬೆರಳೊಂದೇ ಸಾಕು. ಬೆಟ್ಟಕ್ಕೆ ಹೋದರೆ 32ಕ್ಕೆ 32, ಮತ್ತೆ ಒಂದಕ್ಕೊಂದು. ಹೊರಟಲ್ಲಿಗೇ ಬಂದು ನಿಂತ ಹಾಗಾಯಿತು. ಇದನ್ನು ಸರಿಯಾಗಿ ಮಾಡಬೇಕಾದರೆ ಹಿಂದೆ 42 ಹಲ್ಲಿನ ಕ್ಯಾಸೆಟ್ಟು, ಅದಕ್ಕೆ ತಕ್ಕ ಡಿರೇಲರ್, ಶಿಫ್ಟರ್ ಎಲ್ಲ ಹೊಸದಾಗಿ ಬೇಕು. ಆಗ 0.76 ಸಿಗುತ್ತದೆ. ಆದರೆ ಅಷ್ಟು ದುಡ್ಡಿಗೆ ಇನ್ನೊಂದು ಹಳೇ ಸೈಕಲ್ಲೇ ಬರಬಹುದು.

ಇಷ್ಟೆಲ್ಲ ಆದ ಮೇಲೆ, ಯಾರೂ ಹೇಳದ ಒಂದು ದಾರಿ ಉಳಿದಿತ್ತು. ಹಿಂದಿನದನ್ನು ಬಿಟ್ಟು ಮುಂದಿನದನ್ನೇ ಚಿಕ್ಕದು ಮಾಡೋದು. 42-34-24ರ ಕ್ರ್ಯಾಂಕ್ ಸೆಟ್, ಅಂದರೆ ಪೆಡಲ್ ಕೂರುವ ತೋಳು ಮತ್ತು ಚೈನ್‌ವೀಲ್‌ಗಳ ಜೋಡಿ, ದುಬಾರಿಯಲ್ಲ. ಅಗ್ಗದ ಸೆಟ್ಟುಗಳಲ್ಲಿ ಚೈನ್‌ವೀಲ್‌ಗಳನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ, ಒಂದನ್ನೇ ಬಿಚ್ಚಿ ಬದಲಿಸಲು ಆಗದು. ಆದ್ದರಿಂದ ಪೂರ್ತಿ ಸೆಟ್ಟೇ ತರಬೇಕು. ಕ್ರ್ಯಾಂಕನ್ನು ಆಕ್ಸಲ್ಲಿನಿಂದ ಎಳೆಯಲು ಪುಲ್ಲರ್ ಬೇಕು, ಸುತ್ತಿಗೆ ಮುಟ್ಟಬೇಡಿ. ಎಡಗಡೆ ಪೆಡಲಿನ ಮರೆ ಉಲ್ಟಾ ಅನ್ನೋದು ನೆನಪಿರಲಿ. ಮುಂದಿನ ಡಿರೇಲರನ್ನು ಕೆಳಗಿಳಿಸಿ, ಅದರ ಕೇಜು 42ರ ಹಲ್ಲಿಗಿಂತ ಎರಡು ಮಿಲಿಮೀಟರ್ ಮೇಲಿರುವಂತೆ ಬಿಗಿದರೆ ಕೆಲಸ ಮುಗಿಯಿತು.

ಹಳೇ 14-28 ಫ್ರೀವೀಲ್ ಜೊತೆ ಇದು 0.86 ಕೊಡುತ್ತದೆ. 14-34ರ ಜೊತೆ 0.71. ಅಂದರೆ ಪೆಡಲಿನ ಒಂದು ಸುತ್ತಿಗೆ ಎರಡು ಮೀಟರಿನ ಬದಲು ಒಂದೂವರೆಗೂ ಕಡಿಮೆ. ನಿಮಿಷಕ್ಕೆ 60 ಸುತ್ತು ಬಿಡದೆ ತುಳಿಯುತ್ತಾ ಗಂಟೆಗೆ ಐದು ಕಿಲೋಮೀಟರಲ್ಲಿ ಹತ್ತಬಹುದು. 24-34ರ ನೆಗೆತ ಹಾಗೇ ಇದೆ, ಆದರೆ ಈಗ ಅದು ಅಷ್ಟು ಕಾಡುವುದಿಲ್ಲ. ಮುಂದೆ 24 ಇರೋದರಿಂದ ಹಿಂದಿನ 22, 24ರಲ್ಲೇ ಎಷ್ಟೋ ಏರು ಮುಗಿದುಹೋಗುತ್ತದೆ. ಕಳೆದುಕೊಂಡಿದ್ದು ಮೇಲಿನ ವೇಗ: 42-14ರಲ್ಲಿ 80 ಸುತ್ತಿಗೆ ಗಂಟೆಗೆ 29 ಕಿಲೋಮೀಟರ್ ಅಷ್ಟೇ. ನನಗೆ ಅದೇ ಜಾಸ್ತಿ. ಈಗ ಸೈಕಲ್ಲಿನಲ್ಲಿ ಇರೋದು ಇದೇ ಜೋಡಿ. ಕ್ಯಾಸೆಟ್ ಚಕ್ರ ತಮ್ಮನ ಸೈಕಲ್ಲಿಗೆ ಹೋಯಿತು. ಅವನು ನನಗಿಂತ ದಪ್ಪ, ಹಿಂದೆ ಕ್ಯಾರಿಯರ್ ಮೇಲೆ ಸಾಮಾನು ಬೇರೆ ಹೇರುತ್ತಾನೆ, ಅವನಿಗೆ ಗಟ್ಟಿ ಆಕ್ಸಲ್ಲೇ ಬೇಕು. ನೀವೂ ಹಾಗಿದ್ದರೆ ದುಡ್ಡು ಕೂಡಿಸಿ ಕ್ಯಾಸೆಟ್ಟಿಗೇ ಹೋಗಿ, ಆದರೆ ಮುಂದೆ 24 ಹಾಕಿಸಿಕೊಂಡು.

ಚೈನಿನ ಮಾತು. ಆರು, ಏಳು, ಎಂಟು ಗೇರಿಗೆ ಒಂದೇ ಚೈನು ನಡೆಯುತ್ತದೆ, ಹಾಗಾಗಿ ಇಷ್ಟು ಪ್ರಯೋಗಕ್ಕೂ ಒಂದೇ ಬಗೆಯ ಚೈನು ಸಾಕಾಯಿತು. ಹಳೆಯದು ಸವೆದಿದೆಯೋ ನೋಡಲು ಶಾಲೆಯ ಹನ್ನೆರಡು ಇಂಚಿನ ಸ್ಕೇಲು ಹಿಡಿಯಿರಿ. ಒಂದು ಪಿನ್ನನ್ನು ಸೊನ್ನೆಗೆ ಹಿಡಿದು, ಅದನ್ನು ಬಿಟ್ಟು ಎಣಿಸಿದರೆ ಇಪ್ಪತ್ತನಾಲ್ಕನೆಯದು ಸರಿಯಾಗಿ ಹನ್ನೆರಡು ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಬದಲಿಸಿ. ಸವೆದ ಚೈನನ್ನು ಹೊಸ ಹಲ್ಲಿನ ಮೇಲೆ ಹಾಕಿದರೆ ಹೊಸ ಹಲ್ಲೂ ಬೇಗ ಹಾಳು. ಉದ್ದಕ್ಕೆ ಲೆಕ್ಕ ಹೀಗೆ: ಡಿರೇಲರಿಗೆ ಸಿಕ್ಕಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಎರಡು ಕೊಂಡಿ ಜಾಸ್ತಿ ಬಿಟ್ಟು ಕತ್ತರಿಸಬೇಕು.

ಶಿಫ್ಟರ್ ಮಾತ್ರ ನಾನು ಯಾವ ಪ್ರಯೋಗದಲ್ಲೂ ಬದಲಿಸಲಿಲ್ಲ. ಹ್ಯಾಂಡಲ್ ಮೇಲೆ ಕೂರುವ ಹಳೇ ಕಾಲದ ಥಂಬ್ ಶಿಫ್ಟರ್, ಟಕ್ ಟಕ್ ಅನ್ನದ ಮಾದರಿ. ಶಿಮಾನೋ 1984ರಲ್ಲಿ ಪ್ರತಿ ಗೇರಿಗೂ ಟಕ್ ಅಂತ ನಿಲ್ಲುವ ಎಸ್‌ಐಎಸ್ ಎಂಬ ಶಿಫ್ಟರ್ ವ್ಯವಸ್ಥೆ ತಂದ ಮೇಲೆ ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ಏಳು ಗೇರಿನ ಟಕ್‌ಟಕ್ ಶಿಫ್ಟರ್ ಏಳಕ್ಕೇ ಸರಿ, ಎಂಟಕ್ಕೆ ಬೇರೆಯೇ ಬೇಕು. ಈ ಹಳೆಯದು ಆರಾದರೂ ಏಳಾದರೂ ಎಂಟಾದರೂ ಸುಮ್ಮನೆ ಎಳೆಯುತ್ತದೆ. ಚೈನು ಎಲ್ಲಿ ಕೂರಬೇಕು ಅನ್ನೋದನ್ನು ನಿಮ್ಮ ಹೆಬ್ಬೆರಳು ಒಂದು ವಾರದಲ್ಲಿ ಕಲಿತುಕೊಳ್ಳುತ್ತದೆ. ನೀವು ಹೊಂದಿಸಬೇಕಾದ್ದು ಡಿರೇಲರಿನ ಎರಡು ಸ್ಕ್ರೂ ಮಾತ್ರ. ಎಚ್ ಅನ್ನೋದು ಚಿಕ್ಕ ಹಲ್ಲಿನ ಕಡೆಯ ಮಿತಿ, ಎಲ್ ಅನ್ನೋದು ದೊಡ್ಡದರ ಕಡೆಯ ಮಿತಿ. ಎಲ್ ಸ್ಕ್ರೂ ಸಡಿಲವಾಗಿದ್ದರೆ ಏರಿನ ಮಧ್ಯೆ ಚೈನು 34 ದಾಟಿ ಕಡ್ಡಿಗಳ ಒಳಗೆ ಬೀಳುತ್ತದೆ. ಅದನ್ನು ಮಾತ್ರ ಸೈಕಲ್ ಮಗುಚಿಟ್ಟು, ಕೈಯಲ್ಲಿ ಪೆಡಲ್ ತಿರುಗಿಸಿ, ಮನೆಯಲ್ಲೇ ನೋಡಿಕೊಂಡು ಹೊರಡಿ.